ಕ್ಷಮೆ ಸಿಕ್ಕಿತು, ಪಾಲು ಸಿಗಲಿಲ್ಲ

ಬೆಂಗಳೂರಿನಲ್ಲಿ ನಾನು ಹೋಗುವ ಫೆಲೋಶಿಪ್‌ನಲ್ಲಿ ತಿಂಗಳಿಗೊಂದು ಭಾನುವಾರ ಸಾಕ್ಷಿ ಹೇಳುವುದಕ್ಕೇ ಮೀಸಲು. ಒಬ್ಬೊಬ್ಬರಾಗಿ ಮೈಕ್ ಹಿಡಿಯುತ್ತಾರೆ. ನನಗೆ ಹಳೇದೊಂದು ಕೊರಗಿತ್ತು, ರಾತ್ರಿ ನಿದ್ದೆ ಬರ್ತಿರಲಿಲ್ಲ, ನನ್ನ ಮೇಲೇ ನನಗೆ ನಂಬಿಕೆ ಹೋಗಿತ್ತು, ಕರ್ತನ ಪಾದಕ್ಕೆ ಎಲ್ಲವನ್ನೂ ಹಾಕಿದೆ, ಈಗ ನೆಮ್ಮದಿ. ಚಪ್ಪಾಳೆ. ಗಿಟಾರ್. ಆಮೇಲೆ ಕಾಫಿ, ಬಿಸ್ಕತ್ತು.

ಇದನ್ನು ನೋಡಿ ನಗುವ ನಾಸ್ತಿಕ ನಾನಲ್ಲ. ಅದೇ ಮೈಕ್ ಹಿಡಿದು ಇದೇ ಧಾಟಿಯಲ್ಲಿ ನಾನೂ ಸಾಕ್ಷಿ ಹೇಳಿದ್ದೀನಿ. ನನಗೂ ಚಪ್ಪಾಳೆ ಬಿದ್ದಿದೆ. ಆ ಚಪ್ಪಾಳೆಯ ಮೇಲೆ ಸಿಟ್ಟು ಬಂದಿರೋದರಿಂದಲೇ ಇದನ್ನು ಬರೀತಿದ್ದೀನಿ. ಯಾಕಂದ್ರೆ ಆ ಹಾಲ್‌ನಲ್ಲಿ ಯಾರೂ ಒಂದು ಪ್ರಶ್ನೆ ಕೇಳಲ್ಲ: ನಿನಗೆ ನೆಮ್ಮದಿ ಸಿಕ್ತು, ಸಂತೋಷ. ಆ ಕಡೆಯವರಿಗೆ ಏನು ಸಿಕ್ತು?

ನನ್ನ ಕಥೆಯಲ್ಲಿ ಆ ಕಡೆಯವರು ಅಂದ್ರೆ ನಮ್ಮಕ್ಕ.

ನಮ್ಮೂರು ಕೋಲಾರ ತಾಲ್ಲೂಕಿನ ಸುಗಟೂರು. ಇತಿಹಾಸದ ಪುಸ್ತಕದಲ್ಲಿ ಪಾಳೇಗಾರ ತಮ್ಮೇಗೌಡರ ಹೆಸರಿನ ಜೊತೆ ಬರುವ ಊರು ಅದೇ. ಆ ಗೌಡಿಕೆಗೂ ನಮಗೂ ಏನೂ ಸಂಬಂಧವಿಲ್ಲ. ನಮ್ಮ ಮನೆತನ ಶುರುವಾಗೋದು ಒಂದು ಹಸಿವಿನಿಂದ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಧಾತು ಈಶ್ವರದ ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳನ್ನು ಕೋಲಾರದಲ್ಲಿ ಮಿಸ್ ಆ್ಯನ್‌ಸ್ಟಿ ಎಂಬ ಇಂಗ್ಲಿಷ್ ಹೆಂಗಸು ತನ್ನ ಅನಾಥಾಲಯಕ್ಕೆ ಸೇರಿಸಿಕೊಂಡರು. 1890ರಲ್ಲಿ ಆ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಕೋಲಾರದಲ್ಲಿ ಇವತ್ತಿಗೂ ಜನ ಇಟಿಸಿಎಂ ಅಂತ ಕರೆಯುವ ಆಸ್ಪತ್ರೆ 1910ರಲ್ಲಿ ಶುರುವಾಗಿದ್ದೂ ಅದೇ ಮಿಷನ್ನಿನಿಂದ. ನಮ್ಮ ಮುತ್ತಜ್ಜನ ತಾಯಿ ಆ ಅನಾಥಾಲಯದ ಹುಡುಗಿ. ಅವಳ ಹೆತ್ತವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅವಳಿಗೇ ಗೊತ್ತಿರಲಿಲ್ಲವಂತೆ. ಅವಳ ಮಗ ಕೂಲಿ ಮಾಡಿ, ಆಮೇಲೆ ಮೇಷ್ಟ್ರಾಗಿ, ಕಾಸಿಗೆ ಕಾಸು ಸೇರಿಸಿ ಸುಗಟೂರಿನ ಹತ್ತಿರ ಒಂದೆಕರೆ ಇಪ್ಪತ್ತು ಗುಂಟೆ ಹೊಲ ಮಾಡಿದ. ಅಪ್ಪ ಹೇಳೋರು: "ಇದು ಹೆಣ್ಣುಮಗಳಿಂದ ಬಂದ ಆಸ್ತಿ ಕಣ್ರೋ."

2014ರಲ್ಲಿ ಅಪ್ಪ ಹೋದರು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದರು. ಉಳಿದವರು ಅಕ್ಕ ಮತ್ತು ನಾನು. ಅಪ್ಪನ ಕೊನೆಯ ಮೂರು ವರ್ಷ ಡಯಾಲಿಸಿಸ್‌ಗೆ ಕರೆದುಕೊಂಡು ಹೋದವಳು, ಹಾಸಿಗೆ ಒಗೆದವಳು, ರಾತ್ರಿ ಎದ್ದವಳು ಅಕ್ಕ. ನಾನು ಬೆಂಗಳೂರಿನಿಂದ ದುಡ್ಡು ಹಾಕ್ತಿದ್ದೆ, ಹಾಕಿದ್ದನ್ನು ಲೆಕ್ಕವೂ ಇಡ್ತಿದ್ದೆ.

ಕಾನೂನು ನೇರವಾಗಿದೆ. ಕ್ರೈಸ್ತರಿಗೆ ಅನ್ವಯಿಸೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಇಲ್ಲದೆ ತಂದೆ ತೀರಿಕೊಂಡರೆ, ತಾಯಿ ಇದ್ದರೆ ತಾಯಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮಸಮ. ತಾಯಿ ಇಲ್ಲದಿದ್ದರೆ ಪೂರ್ತಿ ಮಕ್ಕಳಿಗೆ. ಗಂಡು ಹೆಣ್ಣು ಅಂತ ಅದರಲ್ಲಿ ಭೇದವೇ ಇಲ್ಲ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡಲು ದೇಶ 2005ರವರೆಗೆ ಕಾದಿತು. ನಮಗೆ ಅದು ತೊಂಬತ್ತು ವರ್ಷದಿಂದ ಪುಸ್ತಕದಲ್ಲೇ ಇತ್ತು.

ಪುಸ್ತಕದಲ್ಲಿ ಇತ್ತು ಅಷ್ಟೆ. ಮಾರನೇ ವರ್ಷ ಅಕ್ಕನನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದೆ. ಹಕ್ಕು ಖುಲಾಸೆ ಪತ್ರಕ್ಕೆ ಸೈನ್ ಹಾಕಿಸಿದೆ. "ಖಾತೆ ಒಬ್ಬರ ಹೆಸರಲ್ಲಿದ್ದರೆ ಸಲೀಸು ಅಕ್ಕ, ನಾಳೆ ಏನಿದ್ರೂ ನಾನು ನೋಡ್ಕೋತೀನಲ್ಲ" ಅಂದೆ. ಅರಿಶಿನ ಕುಂಕುಮಕ್ಕೆ ಅಂತ ಐವತ್ತು ಸಾವಿರ ಕೈಗಿಟ್ಟೆ. ಗಮನಿಸಿ, ನಮ್ಮ ಮನೆಯಲ್ಲಿ ಕುಂಕುಮ ಇಡಲ್ಲ. ಮದುವೆಯಲ್ಲಿ, ನಾಮಕರಣದಲ್ಲಿ ಊರಿನ ಯಾವ ಶಾಸ್ತ್ರವೂ ನಮಗೆ ಬೇಡ. ಆದರೆ ಅಕ್ಕತಂಗಿಯರ ಪಾಲು ನುಂಗುವ ಹೊತ್ತಿಗೆ ಊರಿನ ಪದ್ಧತಿ ಚೆನ್ನಾಗಿ ನೆನಪಿಗೆ ಬರುತ್ತೆ! ಮತ ಬದಲಾಗುತ್ತೆ, ಪಹಣಿ ಮಾತ್ರ ಗಂಡಸರ ಹೆಸರಲ್ಲೇ ಇರುತ್ತೆ.

ಆಗಲೇ ನರಸಾಪುರ, ವೇಮಗಲ್ ಕಡೆ ಕೈಗಾರಿಕಾ ಪ್ರದೇಶ ಎದ್ದಿತ್ತು. ಚೆನ್ನೈ ಎಕ್ಸ್‌ಪ್ರೆಸ್‌ವೇ ಸುದ್ದಿಗೆ ಜಿಲ್ಲೆಯ ಭೂಮಿ ಬೆಲೆಯೆಲ್ಲ ಜ್ವರ ಬಂದ ಹಾಗೆ ಏರುತ್ತಿತ್ತು. ನನಗೆ ಅದು ಗೊತ್ತಿತ್ತು, ಅಕ್ಕನಿಗೆ ಗೊತ್ತಿರಲಿಲ್ಲ. ಈ ಒಂದು ವಾಕ್ಯವನ್ನು ಬರೆಯೋಕೆ ನನಗೆ ಎಂಟು ವರ್ಷ ಹಿಡಿದಿದೆ. ಎರಡು ವರ್ಷಕ್ಕೆ ಹೊಲ ಮಾರಿದೆ. ಬಂದ ದುಡ್ಡು ನನ್ನ ಅಪಾರ್ಟ್‌ಮೆಂಟಿನ ಡೌನ್ ಪೇಮೆಂಟ್ ಆಯ್ತು.

ಅಕ್ಕ ಜಗಳ ಆಡಲಿಲ್ಲ. ಫೋನ್ ಮಾಡೋದು ನಿಲ್ಲಿಸಿದಳು.

ಕೊರಗು ತಕ್ಷಣ ಬರಲಿಲ್ಲ. ಅದು ಬರೋ ರೀತಿ ನಿಮಗೂ ಗೊತ್ತಿರಬಹುದು. ಹೊಸ ಮನೆಯ ಬಾಲ್ಕನಿಯಲ್ಲಿ ನಿಂತಾಗ, ಇದರಲ್ಲಿ ಅರ್ಧ ನಿನ್ನದಲ್ಲ ಅಂತ ಒಳಗಿನಿಂದ ಯಾರೋ ಹೇಳಿದಂತಾಗುತ್ತೆ. ಆಮೇಲೆ ಅದು ಕೆಲಸದ ಜಾಗಕ್ಕೂ ಬರುತ್ತೆ. ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಹೊಗಳಿದರೆ, ಇವರಿಗೆ ನಾನು ಯಾರು ಅಂತ ಗೊತ್ತಿಲ್ಲ ಅನಿಸುತ್ತೆ. ಹೆಂಡತಿ ನಂಬಿದರೆ ಭಯವಾಗುತ್ತೆ. ಒಂದು ತಪ್ಪಿನ ಮೇಲಿನ ಪಶ್ಚಾತ್ತಾಪ ನಿಧಾನವಾಗಿ ಇಡೀ ನನ್ನ ಮೇಲಿನ ಸಂದೇಹ ಆಯ್ತು.

ಆಗ ನಾನು ಎರಡು ಅಂಗಡಿಗೆ ಹೋದೆ.

ಒಂದು, ಕಂಪನಿಯವರು ಪುಕ್ಕಟೆ ಕೊಡುವ ವೆಲ್‌ನೆಸ್ ವೆಬಿನಾರ್. ನಗುಮುಖದ ಕೋಚ್ ಹೇಳಿದರು: ನಿಮ್ಮನ್ನು ನೀವೇ ಕ್ಷಮಿಸಿಕೊಳ್ಳಿ. ನಿನ್ನೆಯನ್ನು ಬಿಟ್ಟುಬಿಡಿ. ಕನ್ನಡಿ ಮುಂದೆ ನಿಂತು ನಾನು ಸಾಕಷ್ಟು ಒಳ್ಳೆಯವನು ಅಂತ ದಿನಾ ಹೇಳಿಕೊಳ್ಳಿ. ನಾನು ಹೇಳಿಕೊಂಡೆ. ಕನ್ನಡಿಯೊಳಗಿನವನು ನಂಬಲಿಲ್ಲ. ಸ್ವಾಮಿ, ಸಾಲ ಮಾಡಿದವನೇ ತನ್ನ ಸಾಲ ಮನ್ನಾ ಮಾಡಿಕೊಳ್ಳೋದಕ್ಕೆ ಯಾವ ಬ್ಯಾಂಕ್ ಒಪ್ಪುತ್ತೆ?

ಇನ್ನೊಂದು, ಫೆಲೋಶಿಪ್‌ನ ಪ್ರಾರ್ಥನಾ ಗುಂಪು. ಹಿರಿಯರೊಬ್ಬರ ಮುಂದೆ ಕೂತು ಎಲ್ಲ ಹೇಳಿದೆ. ಅವರು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. "ಬ್ರದರ್, ಆ ಪಾಪವನ್ನು ಯೇಸು ಶಿಲುಬೆಯ ಮೇಲೇ ತೀರಿಸಿ ಆಗಿದೆ. ಈಗಲೂ ನಿಮ್ಮ ಮೇಲೆ ತಪ್ಪು ಹೊರಿಸ್ತಿರೋನು ಸೈತಾನ. ಅವನ ಮಾತು ಕೇಳಬೇಡಿ." ಅಳು ಬಂತು. ಹಗುರವಾಯ್ತು. ಮುಂದಿನ ಭಾನುವಾರ ಮೈಕ್ ಹಿಡಿದೆ. ನಾನು ಮೊದಲೇ ಹೇಳಿದ ಚಪ್ಪಾಳೆ ಅದೇ.

ಅವತ್ತು ಯಾರಾದ್ರೂ ಒಬ್ಬರು, "ನಿಮ್ಮಕ್ಕನ ಪಾಲು ಕೊಟ್ರಾ?" ಅಂತ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ನಾನಂತೂ ಬಿಡಿ, ಕೇಳದೇ ಇರಲಿ ಅಂತಲೇ ಹೋದವನು.

ಇದೇ ನನ್ನ ತಕರಾರು. ಒಂದು ಅಂಗಡಿ ಮನೋವಿಜ್ಞಾನದ ಬೋರ್ಡ್ ಹಾಕಿಕೊಂಡಿದೆ, ಇನ್ನೊಂದು ದೇವರ ಬೋರ್ಡ್ ಹಾಕಿಕೊಂಡಿದೆ. ಒಳಗೆ ಮಾರೋದು ಒಂದೇ ಮಾಲು: ತಪ್ಪು ಮಾಡಿದವನಿಗೆ ನೆಮ್ಮದಿ. ತಪ್ಪಿಗೆ ಸಿಕ್ಕವರು ಎರಡು ಕಡೆಯೂ ಕಥೆಯಲ್ಲಿ ಇಲ್ಲವೇ ಇಲ್ಲ.

ಕೋಲಾರದವರಿಗೆ ಇದನ್ನು ಸುಲಭವಾಗಿ ಹೇಳಬಹುದು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ನಮ್ಮ ಜಿಲ್ಲೆಗೆ ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಮಾಡಿ ನಮ್ಮ ಒಣಗಿದ ಕೆರೆಗಳಿಗೆ ಹರಿಸಿದರು. ಸ್ವಲ್ಪ ದಿನಕ್ಕೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ವಿಷಯ ಕೋರ್ಟಿಗೆ ಹೋಯ್ತು. ಅವತ್ತಿನಿಂದ ಹೋರಾಟಗಾರರ ಮಾತು ಒಂದೇ: ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು. ಕಣ್ಣಿಗೆ ತಿಳಿಯಾಗಿ ಕಂಡರೆ ಸಾಲದು, ಅದು ಇಂಗಿ ಹೋಗಿ ಯಾರದೋ ಬೋರ್‌ವೆಲ್‌ನಲ್ಲಿ ಬರುತ್ತೆ. ನಮ್ಮ ಪ್ರಾರ್ಥನಾ ಗುಂಪುಗಳ ಪಶ್ಚಾತ್ತಾಪವೂ ಎರಡನೇ ಹಂತದಲ್ಲೇ ನಿಂತಿದೆ. ಅತ್ತಾಯ್ತು, ಒಪ್ಪಿಕೊಂಡಾಯ್ತು. ಮೂರನೆಯದು ಖರ್ಚಿನ ಬಾಬ್ತು, ಅದಕ್ಕೇ ಯಾರೂ ಆ ಮಾತೆತ್ತಲ್ಲ.

ಹಾಗಂತ ಬೈಬಲ್ಲು ಎರಡನೇ ಹಂತಕ್ಕೇ ನಿಲ್ಲಿಸಿದೆಯಾ? ಕನ್ನಡದಲ್ಲೇ ತೆಗೆದು ಓದಿ. ಇಂಗ್ಲಿಷ್ ಹಾಡಿನ ಅಭ್ಯಾಸ ಆದವರಿಗೆ ಕನ್ನಡ ಬೈಬಲ್ಲಿನ ಭಾಷೆ ಸ್ವಲ್ಪ ಗಡುಸು ಅನಿಸಬಹುದು. ಆದರೆ ಪಶ್ಚಾತ್ತಾಪ ಅನ್ನೋ ಕಡೆ ನಮ್ಮ ಹಳೆಯ ಅನುವಾದ ಹಲವು ಸಲ ಬಳಸುವ ಮಾತು 'ದೇವರ ಕಡೆಗೆ ತಿರುಗಿಕೊಳ್ಳುವುದು'. ಅಲ್ಲಿ ಹೇಳಿರೋದು ಕಾಲಿನ ಕೆಲಸ. ಹೋಗುತ್ತಿದ್ದ ದಾರಿ ಬಿಟ್ಟು ಹಿಂದಕ್ಕೆ ಬರಬೇಕು. ಸುಗಟೂರಿನಿಂದ ಬೆಂಗಳೂರಿಗೆ ಬಂದವನು ತಿರುಗಿಕೊಂಡರೆ ಹೋಗಬೇಕಾದ್ದು ಎಲ್ಲಿಗೆ ಅಂತ ನಾನು ಹೇಳಬೇಕಿಲ್ಲ.

ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಯೇಸು ಹೇಳುವ ಮಾತು ನಮ್ಮ ಸಾಕ್ಷಿಕೂಟಗಳನ್ನು ಒಂದೇ ಏಟಿಗೆ ಮುಚ್ಚಿಸಬಲ್ಲದು. ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ನಿಂತಾಗ, ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಸರಿಮಾಡಿಕೊಂಡು ಬಾ ಅನ್ನುತ್ತಾನೆ. ನೋಡಿ, ದೇವರೇ ತನ್ನ ಸರದಿಯನ್ನು ಎರಡನೆಯದು ಮಾಡಿಕೊಂಡಿದ್ದಾನೆ. ನಾವು ಅದನ್ನು ತಲೆಕೆಳಗು ಮಾಡಿದೀವಿ. ಅಕ್ಕನ ಹತ್ತಿರ ಹೋಗೋಕೆ ಮುಖ ಇಲ್ಲದವನು ದೇವರ ಹತ್ತಿರ ಹೋಗಿ ಅಡಗಿಕೊಳ್ತಾನೆ.

ಆಸ್ತಿಯ ವಿಷಯವೂ ಇದೆ. ಅರಣ್ಯಕಾಂಡದಲ್ಲಿ ಐವರು ಅಕ್ಕತಂಗಿಯರು ಮೋಶೆಯ ಮುಂದೆ, ಇಡೀ ಸಭೆಯ ಮುಂದೆ ನಿಂತು ಅಪ್ಪನ ಪಾಲು ಕೇಳುತ್ತಾರೆ. ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ, ಅದು ನಿಜ. ಆದರೂ ಅವರು ಕೇಳುತ್ತಿರೋದು ನ್ಯಾಯ ಅಂತ ದೇವರೇ ತೀರ್ಪು ಕೊಡುತ್ತಾನೆ. ನನ್ನ ಇಷ್ಟು ವರ್ಷದ ಚರ್ಚಿನ ಜೀವನದಲ್ಲಿ ಈ ಭಾಗದ ಮೇಲೆ ಒಂದು ಪ್ರಸಂಗವನ್ನೂ ಕೇಳಿಲ್ಲ. ದಶಮಾಂಶದ ಮೇಲೆ ಎಷ್ಟು ಕೇಳಿದೀನಿ ಅನ್ನೋದು ಲೆಕ್ಕಕ್ಕೇ ಇಲ್ಲ.

ಈಗ ನನ್ನ ಸ್ನೇಹಿತರ ವಾದಕ್ಕೆ ಬರ್ತೀನಿ. ಅದನ್ನು ತಳ್ಳಿಹಾಕೋ ಹಾಗಿಲ್ಲ. "ನೀನು ದುಡ್ಡು ಕೊಟ್ಟು ಕ್ಷಮೆ ಕೊಂಡುಕೊಳ್ಳೋಕೆ ಹೋಗ್ತಿದೀಯ. ರಕ್ಷಣೆ ಕೃಪೆಯಿಂದ, ಕ್ರಿಯೆಯಿಂದ ಅಲ್ಲ" ಅಂತ ಅವರು. ಸರಿ, ಜಕ್ಕಾಯನ ಕಥೆ ನೋಡೋಣ. ಯೆರಿಕೋದ ಸುಂಕದವನು, ಕುಳ್ಳ, ಜನರನ್ನು ಸುಲಿದು ಸಾಹುಕಾರನಾದವನು, ಮರ ಹತ್ತಿ ಕೂತಿದ್ದಾನೆ. ಯೇಸು ಮೊದಲು ಏನು ಮಾಡುತ್ತಾನೆ? ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಗೇ ಬರ್ತೀನಿ ಅನ್ನುತ್ತಾನೆ. ಲೆಕ್ಕ ಕೇಳಲ್ಲ. ಕೃಪೆ ಮೊದಲು ಬಂತು, ಒಪ್ಪಿದೆ. ಆದರೆ ಆ ಕೃಪೆ ಮನೆಯೊಳಗೆ ಬಂದ ಮೇಲೆ ಜಕ್ಕಾಯ ಎದ್ದು ನಿಂತು ಸಾಕ್ಷಿ ಹೇಳಿ ಸುಮ್ಮನಾಗಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಅಂದ. ಈ ಮನೆಗೆ ರಕ್ಷಣೆ ಬಂತು ಅಂತ ಯೇಸು ಹೇಳೋದು ಆ ಲೆಕ್ಕ ಕೇಳಿದ ಮೇಲೆ. ವಾಪಸ್ ಕೊಡೋದು ಕೃಪೆಯ ಬೆಲೆ ಅಲ್ಲ ಸ್ವಾಮಿ, ಅದು ಕೃಪೆ ನಿಜಕ್ಕೂ ಬಂದಿದೆ ಅನ್ನೋದಕ್ಕೆ ರಸೀತಿ. ನನ್ನ ಕೈಯಲ್ಲಿ ರಸೀತಿ ಇರಲಿಲ್ಲ, ಚಪ್ಪಾಳೆ ಮಾತ್ರ ಇತ್ತು.

ಇನ್ನೊಂದು ಎಚ್ಚರಿಕೆ ಹೇಳದೆ ಮುಂದೆ ಹೋದರೆ ತಪ್ಪಾಗುತ್ತೆ. ಮಾಡದ ತಪ್ಪಿಗೆ ಕೊರಗುವವರು ಇದ್ದಾರೆ. ಅಪ್ಪ ಸತ್ತಾಗ ಊರಲ್ಲಿರಲಿಲ್ಲ ಅಂತ, ಗರ್ಭ ನಿಲ್ಲಲಿಲ್ಲ ಅಂತ, ಗಂಡ ಬಿಟ್ಟುಹೋದ ಅಂತ ತಮ್ಮನ್ನೇ ಶಿಕ್ಷಿಸಿಕೊಳ್ಳುವವರು. ಈ ಲೇಖನ ಅವರಿಗಲ್ಲ. ಅವರಿಗೆ ತಿರುಗಿಸಿ ಕೊಡಬೇಕಾದ್ದು ಏನೂ ಇಲ್ಲ. ನಿದ್ದೆ, ಊಟ ಬಿಟ್ಟುಹೋಗಿದ್ದರೆ ಡಾಕ್ಟರ ಹತ್ತಿರ ಹೋಗಿ, ನಿಮ್ಹಾನ್ಸ್ ಇರೋದು ಅದಕ್ಕೇ, ಪ್ರಾರ್ಥನೆಯೂ ಮಾಡಿ. ಹಾಗೇ ನನ್ನಂತೆ ನಿಜವಾಗಿ ತಪ್ಪು ಮಾಡಿದವರನ್ನೂ ಒಬ್ಬಂಟಿ ಬಿಡಬಾರದು. ಯೂದನ ಕಥೆ ನೆನಪು ಮಾಡಿಕೊಳ್ಳಿ. ಅವನಿಗೂ ಪಶ್ಚಾತ್ತಾಪ ಆಗಿತ್ತು, ಮೂವತ್ತು ಬೆಳ್ಳಿ ನಾಣ್ಯ ಹಿಡಿದುಕೊಂಡು ಯಾಜಕರ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡ. ಅದು ನಿನ್ನ ಹಣೆಬರಹ, ನಮಗೇನು ಅನ್ನುವ ಹಾಗೆ ಅವರು ಕೈತೊಳೆದುಕೊಂಡರು. ಮುಂದಾದದ್ದು ಗೊತ್ತೇ ಇದೆ. ಅದೇ ರಾತ್ರಿ ಮೂರು ಸಲ ಸುಳ್ಳು ಹೇಳಿದ ಪೇತ್ರ ಅತ್ತ, ಆದರೆ ತನ್ನವರ ನಡುವೆಯೇ ಉಳಿದ. ಮುಂದೊಂದು ಬೆಳಿಗ್ಗೆ ಕೆರೆದಂಡೆಯಲ್ಲಿ, ಕೆಂಡದ ಮೇಲೆ ಮೀನು ಸುಡುತ್ತಾ ಯೇಸು ಅವನನ್ನು ಮೂರು ಸಲ ಅದೇ ಪ್ರಶ್ನೆ ಕೇಳಿದ. ಮೂರನೇ ಸಲ ಪೇತ್ರನಿಗೆ ನೋವಾಯ್ತು ಅಂತ ಯೋಹಾನ ಬರೆದಿದ್ದಾನೆ. ಆ ನೋವನ್ನು ಯೇಸು ತಪ್ಪಿಸಲಿಲ್ಲ. ಮೊದಲು ಊಟ ಬಡಿಸಿದ, ಆಮೇಲೆ ಕೇಳಿದ, ಆಮೇಲೆ ಕೆಲಸ ಕೊಟ್ಟ. ನಮ್ಮ ಗುಂಪುಗಳಿಗೆ ಊಟ ಬಡಿಸೋದು ಗೊತ್ತು. ಕೇಳೋದು ಗೊತ್ತಿಲ್ಲ.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಅಕ್ಕನ ಮನೆಗೆ ಹೋದೆ. ಅವಳಿರೋದು ಬಂಗಾರಪೇಟೆಯಲ್ಲಿ. ಫೋನ್ ಮಾಡದೆ ಹೋದೆ, ಮಾಡಿದ್ದರೆ ಬೇಡ ಅಂತಿದ್ದಳು. ಮಾರಿದ ಬೆಲೆಯಲ್ಲಿ ಅರ್ಧ, ಅದರ ಮೇಲೆ ಇಷ್ಟು ವರ್ಷದ ಬಡ್ಡಿ ಲೆಕ್ಕ ಹಾಕಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಹೋಮ್ ಲೋನ್ ಮೇಲೆ ಟಾಪ್ ಅಪ್ ತೆಗೆದು ಮೊದಲ ಕಂತಿನ ಚೆಕ್ ತಂದಿದ್ದೆ. ಉಳಿದದ್ದಕ್ಕೆ ನಾಲ್ಕು ವರ್ಷ ಬೇಕು. ಜಕ್ಕಾಯನ ನಾಲ್ಕರಷ್ಟು ನನ್ನ ಕೈಲಿ ಆಗಲ್ಲ ಅಂತಲೂ ಹೇಳಿದೆ.

ಅಕ್ಕ ಹಾಳೆಯನ್ನು ಪೂರ್ತಿ ಓದಿದಳು. ಬಡ್ಡಿ ಲೆಕ್ಕದಲ್ಲಿ ಒಂದು ಕಡೆ ತಪ್ಪಿತ್ತು, ಅದನ್ನು ಪೆನ್ನು ಹಿಡಿದು ತಿದ್ದಿದಳು. ಆಮೇಲೆ ಕೇಳಿದಳು: "ದುಡ್ಡು ಕೊಟ್ಟೆ, ಸರಿ. ಅಪ್ಪನ ಹೊಲ ಎಲ್ಲಿಂದ ತಂದ್ಕೊಡ್ತೀಯೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹೊಲದ ಮೇಲೆ ಈಗ ಸೈಟುಗಳ ಕಲ್ಲು ನೆಟ್ಟಿದ್ದಾರೆ.

ಹಿತಕಿದ ಬೇಳೆ ಸಾರು, ಮುದ್ದೆ ಬಡಿಸಿದಳು. ಇಬ್ಬರೂ ಮಾತಾಡದೆ ಉಂಡೆವು. ಇಷ್ಟೇ ನಡೆದದ್ದು. ಅಪ್ಪಿಕೊಂಡು ಅಳಲಿಲ್ಲ. "ಕ್ಷಮಿಸಿದೀನಿ" ಅಂತ ಅವಳು ಅನ್ನಲಿಲ್ಲ, ಅನ್ನು ಅಂತ ಕೇಳುವ ಹಕ್ಕು ನನಗೂ ಇರಲಿಲ್ಲ. ಪ್ರತಿ ತಿಂಗಳು ದುಡ್ಡು ಹಾಕಿದಾಗ 'ಬಂತು' ಅಂತ ಒಂದು ಪದದ ಮೆಸೇಜ್ ಬರುತ್ತೆ.

ಹಾಗಾದರೆ ನೆಮ್ಮದಿ ಸಿಕ್ತಾ? ಇಲ್ಲ. ಕೊರಗು ಹೋಗಿಲ್ಲ. ಆದರೆ ಅದಕ್ಕೀಗ ಒಂದು ಕೆಲಸ ಇದೆ, ತಿಂಗಳಿಗೊಂದು ತಾರೀಖಿದೆ. ಕೆಲಸವಿಲ್ಲದ ಕೊರಗು ಮನುಷ್ಯನನ್ನು ತಿನ್ನುತ್ತೆ, ಕೆಲಸ ಇರುವ ಕೊರಗು ದುಡಿಯುತ್ತೆ. ಸಂದೇಹವೂ ಹೋಗಿಲ್ಲ. ಇದನ್ನೂ ಒಳ್ಳೆಯವನು ಅನಿಸಿಕೊಳ್ಳೋಕೆ ಮಾಡ್ತಿದೀನಾ ಅಂತ ರಾತ್ರಿ ಒಂದೊಂದು ಸಲ ಅನಿಸುತ್ತೆ. ಆಗ ನಮ್ಮ ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯನ್ನು ನೆನೆಸಿಕೊಳ್ತೀನಿ. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ಅವನ ಹೃದಯ ಬೆಚ್ಚಗಾಯ್ತು ಅನ್ನೋ ಕಥೆಯನ್ನು ಪ್ರತಿ ಸಾಕ್ಷಿಕೂಟದಲ್ಲೂ ಹೇಳ್ತಾರೆ. ಮುಂದಿನ ವರ್ಷದ ಜನವರಿಯಲ್ಲೇ ತಾನು ಕ್ರೈಸ್ತನೇ ಅಲ್ಲ ಅಂತ ಅವನು ದಿನಚರಿಯಲ್ಲಿ ಬರೆದುಕೊಂಡದ್ದನ್ನು ಯಾರೂ ಹೇಳಲ್ಲ. 1766ರಲ್ಲಿ, ಅರವತ್ತು ದಾಟಿದ ಮೇಲೆ, ದೇವರನ್ನು ತಾನು ಯಾವತ್ತೂ ಪ್ರೀತಿಸಿಯೇ ಇಲ್ಲವೇನೋ ಅಂತ ತಮ್ಮ ಚಾರ್ಲ್ಸ್‌ಗೆ ಕಾಗದ ಬರೆದ. ಬರೆದು ಏನು ಮಾಡಿದ? ಮತ್ತೆ ಕುದುರೆ ಹತ್ತಿ ಮುಂದಿನ ಊರಿಗೆ ಹೊರಟ. ಸಂದೇಹ ಹೋದ ಮೇಲೆ ಕೆಲಸ ಶುರು ಮಾಡ್ತೀನಿ ಅಂತ ಕೂತಿದ್ದರೆ ಅವನು ಎದ್ದೇ ಇರುತ್ತಿರಲಿಲ್ಲ. ನನಗೂ ವಿಶ್ವಾಸ ಅಂದ್ರೆ ಈಗ ಅಷ್ಟೇ: ನಾನು ಒಳ್ಳೆಯವನು ಅಂತ ಖಾತ್ರಿಯಾಗೋವರೆಗೆ ಕಾಯದೆ ಕಂತು ಕಟ್ಟೋದು.

ಇದನ್ನು ಬರೆಯುವ ಮೊದಲು ಅಕ್ಕನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬರಿ. ನನ್ನ ಹೆಸರು ಹಾಕಬೇಡ. ಕೊನೇಲಿ ಅಕ್ಕ ನಗ್ತಾ ಇದ್ದಳು ಅಂತ ಮಾತ್ರ ಬರೀಬೇಡ."

ಬರೆದಿಲ್ಲ ಅಕ್ಕ.

ಓದುತ್ತಿರುವ ನಿಮಗೆ ಒಂದೇ ಮಾತು. ಹೊಸಕೋಟೆ ಆಚೆ, ತುಮಕೂರು ಆಚೆ, ಮಂಡ್ಯದ ಆಚೆ ನಿಮಗೂ ಒಬ್ಬ ಅಕ್ಕನೋ ತಂಗಿಯೋ ಇರಬಹುದು. ಆ ಖುಲಾಸೆ ಪತ್ರದ ನಕಲು ನಿಮ್ಮ ಬೀರುವಿನಲ್ಲೇ, ಮನೆ ಪತ್ರಗಳ ಕೆಳಗೆ ಇರುತ್ತೆ. ಈ ಭಾನುವಾರ ಆರಾಧನೆಗೆ ಹೋಗೋ ಮೊದಲು ಅದನ್ನೊಮ್ಮೆ ತೆಗೆದು ಓದಿ. ಆಮೇಲೂ ಹಾಡೋಕೆ ದನಿ ಬಂದರೆ ಹಾಡಿ. ಬರದಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಬಸ್ ಹತ್ತಿ. ದೇವರು ಕಾಯ್ತಾನೆ, ಹಾಗಂತ ಅವನೇ ಹೇಳಿದ್ದಾನೆ. ಅಕ್ಕ ಆಗಲೇ ಬಹಳ ಕಾದಿದ್ದಾಳೆ.